ಕಣ್ಣು ಕೆನ್ನೆಗೆ ಸರಿದ ಹನುಮಪ್ಪ

ಬಣ್ಣ ಎಳೆಯುವ ಸ್ಕ್ವೀಜಿ ಒರೆಸಲು ಅಂಗಡಿಯ ಹುಡುಗ ಕೈಗೆ ಸಿಕ್ಕ ಬಟ್ಟೆ ಎಳೆದುಕೊಂಡ. ನಾನು ಕೂತಲ್ಲಿಂದಲೇ ಚೀರಿದೆ: “ಏ, ಅದರಾಗ ಒರಸಬ್ಯಾಡೊ!” ಅವನು ಗಾಬರಿಬಿದ್ದು ನಿಂತ. ಕೈಯಲ್ಲಿದ್ದದ್ದು ಕೇಸರಿ ಟೀ ಶರ್ಟು, ಎದೆಯ ಮೇಲೆ ಹನುಮಪ್ಪನ ಮುಖ. “ಅಣ್ಣಾರ, ಇದು ಔಟಾದ ಪೀಸ್ ಅಲ್ರಿ? ವೇಸ್ಟಿನ್ಯಾಗ ಬಿದ್ದಿತ್ತು” ಅಂದ. ಅವನದೇನೂ ತಪ್ಪಿರಲಿಲ್ಲ. ಅದನ್ನು ವೇಸ್ಟಿನ ರಾಶಿಗೆ ಒಗೆದವನು ನಾನೇ.

ಗಂಗಾವತಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಂಡು ಬದುಕುವವನು ನಾನು. ಲಗ್ನಪತ್ರಿಕೆ, ಗೊಬ್ಬರದಂಗಡಿಯ ಕೈಚೀಲ, ಹುಟ್ಟುಹಬ್ಬದ ಬಲೂನು, ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಟೀ ಶರ್ಟು, ಚುನಾವಣೆ ಬಂತೆಂದರೆ ಟೋಪಿ. ಮಾರ್ಗಶಿರ ಬಂದರೆ ಮಾತ್ರ ಅಂಗಡಿ ತುಂಬ ಕೇಸರಿ. ಹನುಮಮಾಲೆ ಹಾಕಿದವರು ಊರೂರಿನಿಂದ ಅಂಜನಾದ್ರಿ ಗುಡ್ಡಕ್ಕೆ ಬರುತ್ತಾರೆ, 575 ಮೆಟ್ಟಿಲು ಹತ್ತಿ ಮಾಲೆ ವಿಸರ್ಜನೆ ಮಾಡಿ ಇಳಿಯುತ್ತಾರೆ. ಆ ವರ್ಷ ಕುಷ್ಟಗಿ ಕಡೆಯ ಹುಡುಗರ ಗುಂಪೊಂದು 240 ಟೀ ಶರ್ಟಿಗೆ ಆರ್ಡರು ಕೊಟ್ಟಿತ್ತು. ರಬ್ಬರ್ ಪ್ರಿಂಟೇ ಬೇಕು ಅಂದಿದ್ದರು. ಹೆಸರಿಗೆ ರಬ್ಬರ್. ಮರದ ಹಾಲಿಗೂ ಇದಕ್ಕೂ ಸಂಬಂಧವಿಲ್ಲ, ಡಬ್ಬಿಯಲ್ಲಿ ಇರುವುದು ಅಕ್ರಿಲಿಕ್ ಬೈಂಡರು. ಆದರೆ ಬಟ್ಟೆಯ ಮೇಲೆ ಒಣಗಿದ ಮೇಲೆ ರಬ್ಬರಿನ ಹಾಳೆಯ ಹಾಗೇ ಕೂರುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹೊಟ್ಟೆ ಇದ್ದವರು ಹಾಕಿಕೊಂಡರೆ ಹನುಮಪ್ಪನಿಗೂ ಗಲ್ಲ ಬರುತ್ತವೆ.

ಎರಡು ಬಣ್ಣದ ಕೆಲಸ. ಮೊದಲ ಫ್ರೇಮಿನಲ್ಲಿ ಕಡುಕೆಂಪು ಮುಖ, ಎರಡನೆಯದರಲ್ಲಿ ಕಪ್ಪು: ಹುಬ್ಬು, ಕಣ್ಣು, ತುಟಿಯ ಗೆರೆ. ಕಪ್ಪಿನ ಫ್ರೇಮಿನ ಒಂದು ಹಿಂಜಿನ ನಟ್ಟು ಸಡಿಲಾಗಿತ್ತು, ನಾನು ನೋಡಲಿಲ್ಲ. ಮಾತಾಡುತ್ತ ಎಳೆಯುತ್ತ ಹೋದೆ. ತಿರುಗಿ ನೋಡುವಷ್ಟರಲ್ಲಿ 43 ಪೀಸುಗಳಲ್ಲಿ ಕಣ್ಣು ಜಾರಿ ಕೆನ್ನೆಗೆ ಬಂದಿದ್ದವು. ಬೈದುಕೊಂಡು ಅವನ್ನು ಮೂಲೆಗೆ ಒಗೆದು, ಬೇರೆ ಮಾಲು ತರಿಸಿ ಆರ್ಡರು ಮುಗಿಸಿದೆ. ಒಗೆಯುವಾಗ ಏನೂ ಅನಿಸಿರಲಿಲ್ಲ. ಹುಡುಗ ಒರೆಸಲು ಹೋದಾಗ ಯಾಕೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು?

ಅದೇ ಸ್ಕ್ವೀಜಿಯನ್ನು ಅದೇ ಮುಖದ ಮೇಲೆ ಇನ್ನೂರು ಮುನ್ನೂರು ಸಲ ಒತ್ತಿ ಎಳೆದಿದ್ದೇನೆ. ಆಗ ಅದು ಹನುಮಪ್ಪನಲ್ಲ, ಕೆಲಸ. ಹಾಗಾದರೆ ಯಾವಾಗ ಅವನಾದ?

ನಮ್ಮ ಕಸುಬಿನಲ್ಲಿ ಚಿತ್ರವನ್ನು ಯಾರೂ ಬಿಡಿಸುವುದಿಲ್ಲ. ಚೌಕಟ್ಟಿಗೆ ಬಿಗಿದ ನೈಲಾನ್ ಜಾಳಿಗೆಗೆ ಎಮಲ್ಷನ್ ಬಳಿದು ಕತ್ತಲಲ್ಲಿ ಒಣಗಿಸುತ್ತೇವೆ. ಚಿತ್ರದ ಕಪ್ಪು ಫಿಲ್ಮನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿಯುತ್ತೇವೆ. ಬೆಳಕು ತಾಗಿದಲ್ಲೆಲ್ಲ ಎಮಲ್ಷನ್ ಗಟ್ಟಿಯಾಗಿ ತೂತುಗಳು ಮುಚ್ಚಿಹೋಗುತ್ತವೆ. ಕಪ್ಪಿನ ಮರೆಯಲ್ಲಿದ್ದ ಜಾಗ ಗಟ್ಟಿಯಾಗದೆ ಉಳಿದು, ನೀರು ಹೊಡೆದರೆ ತೊಳೆದು ಹೋಗುತ್ತದೆ. ಅಲ್ಲಿ ಬರೀ ಬಯಲು. ಬಣ್ಣ ಇಳಿಯುವುದು ಆ ಬಯಲಿನಿಂದಲೇ. ಫ್ರೇಮನ್ನು ಎತ್ತಿ ಕಿಟಕಿಗೆ ಹಿಡಿದರೆ ಹನುಮಪ್ಪ ಇರುವ ಜಾಗದಲ್ಲಿ ಆಚೆಯ ಬೇವಿನಮರ ಕಾಣುತ್ತದೆ. ಪ್ರವಚನಗಳಲ್ಲಿ ಅಲ್ಲಮನ ಬಯಲು ಅಂತ ಎಷ್ಟೋ ಸಲ ಕೇಳಿದ್ದೇನೆ, ತಿಳಿದಿದೆ ಅಂತ ಹೇಳಲಾರೆ. ಆದರೆ ಆ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಫ್ರೇಮು.

ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರೆ ಎಮಲ್ಷನ್ ಬಿಡುತ್ತದೆ, ಜಾಳಿಗೆ ಖಾಲಿಯಾಗುತ್ತದೆ. ಪೂರ್ತಿ ಖಾಲಿಯಲ್ಲ. ಹಳೆಯ ಚಿತ್ರದ ತೆಳ್ಳನೆ ನೆರಳೊಂದು ನೂಲಿನಲ್ಲೇ ಉಳಿದುಬಿಡುತ್ತದೆ. ಹೋದ ವರ್ಷದ ಹನುಮಪ್ಪನ ನೆರಳಿನ ಮೇಲೆ ಈ ವರ್ಷ ಯಲಬುರ್ಗಾದ ಬೀಜದಂಗಡಿಯ ಜೋಡೆತ್ತು ಕೂತಿವೆ. ಅದಕ್ಕೆ ನಾನು ಎಂದೂ ತಲೆಕೆಡಿಸಿಕೊಂಡವನಲ್ಲ.

ಅಚ್ಚಿನ ದೇವರು ನಮಗೆ ಹೊಸಬನೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ ಸರಸ್ವತಿಯರು ಕಲ್ಲಚ್ಚಿನಿಂದ ಇಳಿದು ಮನೆಮನೆಯ ಜಗುಲಿಗೆ ಬಂದರು. ಗುಡಿಯೊಳಗೆ ಪ್ರವೇಶವಿಲ್ಲದವರ ಮನೆಗೂ ಬಂದರು ಅನ್ನುವುದನ್ನು ಮರೆಯಬಾರದು. ಈಗ ಕಾರಿನ ಗಾಜು, ಬೈಕಿನ ಟ್ಯಾಂಕು, ಟೀ ಶರ್ಟು ಎಲ್ಲ ಕಡೆ ಇರುವ ಆ ಗಂಟುಮೋರೆಯ ಹನುಮಂತ ಕಾಸರಗೋಡಿನ ಕುಂಬಳೆಯವನು. 2015ರಲ್ಲಿ ಕರಣ್ ಆಚಾರ್ಯ ಎಂಬ ಕಲಾವಿದ ಊರಿನ ಗೆಳೆಯರ ಧ್ವಜಕ್ಕೆಂದು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಮುಖ ಅದು. ಹನುಮಪ್ಪ ಹುಟ್ಟಿದ್ದು ನಮ್ಮ ಗುಡ್ಡದಲ್ಲಿ ಅಂತ ನಾವು ನಂಬಿದವರು. ಅವನ ಮುಖ ಮಾತ್ರ ಕುಂಬಳೆಯಿಂದ ಪೆನ್‌ಡ್ರೈವಿನಲ್ಲಿ ಬರುತ್ತದೆ. ನಮ್ಮ ಗುಡಿಗಳ ಹನುಮಪ್ಪ ಸಿಂಧೂರ ಬಳಿಸಿಕೊಂಡು ಸುಮ್ಮನೆ ನಿಂತವನು, ಇಷ್ಟು ಸಿಟ್ಟಿನವನಲ್ಲ. ಇದು ನನ್ನ ಗೊಣಗಾಟ, ಗಿರಾಕಿಗಳು ಕೇಳುವುದಿಲ್ಲ.

ಕಣ್ಣು ಜಾರಿದ ಆ 43 ಟೀ ಶರ್ಟುಗಳನ್ನು ಏನು ಮಾಡುವುದೆಂದು ಪಕ್ಕದ ಟೇಲರ್ ಚಾಚಾನನ್ನು ಕೇಳಿದೆ. ಅವರು ನಕ್ಕು, ತಮ್ಮ ಮಗಳ ಲಗ್ನಪತ್ರಿಕೆ ನೆನಪು ಮಾಡಿದರು. ನಾನೇ ಹಾಕಿಕೊಟ್ಟದ್ದು. ಮೇಲೆ ಬಿಸ್ಮಿಲ್ಲಾ ಬರೆಸದೆ 786 ಅಂತ ಅಂಕಿ ಹಾಕಿಸಿದ್ದರು. ಆ ವಾಕ್ಯದ ಅಕ್ಷರಗಳಿಗೆ ಲೆಕ್ಕ ಹಿಡಿದರೆ ಬರುವ ಮೊತ್ತ ಅದು. “ಮದವಿ ಮುಗದ್ ಮ್ಯಾಲ ಕಾರ್ಡು ಗಟರಿಗೆ ಹೋಗ್ತೈತಿ ಮಾಲಕರ. ಅವನ ಹೆಸರು ಗಟರಿಗೆ ಹೋಗಬಾರದು, ಅದಕ್ಕ ನಂಬರ್ ಹಾಕ್ತೀವಿ.” ನಮ್ಮ ಪತ್ರಿಕೆಗಳಲ್ಲಿ ಗಣಪತಿ, ಮನೆದೇವರು, ಸ್ವಾಮಿಗಳ ಫೋಟೊ ಎಲ್ಲ ಬಣ್ಣಬಣ್ಣದಲ್ಲಿ ಇರುತ್ತವೆ, ತಿಂಗಳು ಕಳೆದರೆ ಅದರಲ್ಲೇ ಮಿರ್ಚಿ ಕಟ್ಟಿಕೊಡುತ್ತಾರೆ. ದೇವರು ಬರುವುದಕ್ಕೆ ಮುಂಚೆಯೇ ಹೋಗುವುದನ್ನು ಚಾಚಾ ಯೋಚಿಸಿದ್ದರು.

ಆ ಮಾತು ತಲೆಯಲ್ಲಿ ಕೂತಿತು. ಚೌತಿಯ ಗಣಪ್ಪನಿಗೆ ನಾವೂ ಹಾಗೆ ಯೋಚಿಸಿದ್ದೇವೆ: ಪ್ರಾಣಪ್ರತಿಷ್ಠೆ ಇದೆ, ವಿಸರ್ಜನೆ ಇದೆ. ಕರೆದದ್ದು ಮಂತ್ರ, ಕಳಿಸಿದ್ದೂ ಮಂತ್ರ, ಉಳಿದದ್ದು ಮಣ್ಣು. ಮಾಲೆ ಹಾಕಿದವರೂ ಗುಡ್ಡದ ಮೇಲೆ ಮಾಲೆ ಇಳಿಸುತ್ತಾರೆ. ಎದೆಯ ಮೇಲಿನ ಹನುಮಪ್ಪನನ್ನು ಮಾತ್ರ ಯಾರೂ ಕರೆದಿಲ್ಲ, ಯಾರೂ ಕಳಿಸುವುದೂ ಇಲ್ಲ. ಅವನು ಅದೇ ಬಸ್ಸಿನಲ್ಲಿ ಕುಷ್ಟಗಿಗೆ ವಾಪಸು ಹೋಗುತ್ತಾನೆ.

ಸುಡೋಣವೆಂದು ಒಂದು ತುಂಡಿಗೆ ಕಡ್ಡಿ ಗೀರಿದೆ. ಕರೀ ಹೊಗೆ ಎದ್ದು, ಬಣ್ಣ ಕರಗಿ ಕೈಗೆ ಅಂಟುವಂತಾಯಿತು, ಮುಖ ಮುದುಡಿತು. ನೋಡಲಾಗದೆ ಕಾಲಲ್ಲಿ ಮಣ್ಣು ನೂಕಿ ಆರಿಸಿದೆ. ಕಾಲಲ್ಲಿ ಅನ್ನುವುದು ಆಮೇಲೆ ಹೊಳೆಯಿತು. ತುಂಗಭದ್ರೆಗೆ ಬಿಡೋಣವೆಂದರೆ ನದಿಯಲ್ಲಿ ಮಿಂದವರು ಬಿಟ್ಟ ಬಟ್ಟೆ ಆಗಲೇ ಕಲ್ಲುಗಳಿಗೆ ಸುತ್ತಿಕೊಂಡು ಕೊಳೆಯುತ್ತಿವೆ.

ಕಡೆಗೆ ಒಂದು ಪೀಸು ತಗೊಂಡು ಕಿನ್ನಾಳಕ್ಕೆ ಹೋದೆ. ಅಲ್ಲಿಯ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದಲ್ಲಿ ಗೊಂಬೆ, ದೇವರು ಮಾಡುವವರು. ಮರಕ್ಕೆ ಕಿಟ್ಟ ಮೆತ್ತಿ, ಉಜ್ಜಿ, ಬಣ್ಣ ಹಾಕುತ್ತಾರೆ. ಪರಿಚಯದ ಅಜ್ಜ ಗರುಡನೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗರುಡನಿಗೆ ಎಲ್ಲ ಇತ್ತು, ಕಣ್ಣಿರಲಿಲ್ಲ. “ಕಣ್ಣು ಕಡೀಕ. ಅಲ್ಲೀತನ ಕಟಗಿ” ಅಂದ. ನನ್ನ ಟೀ ಶರ್ಟು ಬಿಚ್ಚಿ ತೋರಿಸಿದೆ. ಕೆನ್ನೆಯ ಮೇಲಿನ ಕಣ್ಣನ್ನು ಹೆಬ್ಬೆರಳಿನಿಂದ ಮುಟ್ಟಿ, ಬಟ್ಟೆಯನ್ನು ಎರಡೂ ಕಡೆ ಹಿಡಿದು ಎಳೆದ. ರಬ್ಬರ್ ಹಿಗ್ಗಿತು, ಕಣ್ಣು ಇನ್ನಷ್ಟು ದೂರ ಹೋಯಿತು. ಬಿಟ್ಟ, ಬಂತು. ಮತ್ತೆ ಎಳೆದ. ಕೂಸಿನ ಹಾಗೆ ಆಡುತ್ತಿದ್ದ. “ನಾನು ಗುಡಿಯಾಗ ಇಡಾಕ ಮಾಡ್ತೀನಿ, ನೀ ಮೈಮ್ಯಾಲ ಹಾಕಾಕ ಮಾಡೀ. ಮೈಮ್ಯಾಲೇ ಸವೀಲಿ ಬಿಡು” ಅಂದು ಕುಂಚ ಎತ್ತಿಕೊಂಡ.

ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಮೆಲುಕು ಹಾಕಿದೆ. ಮೈಮೇಲೆ ದೇವರನ್ನು ಹೊರುವುದು ನಮ್ಮ ಕಡೆ ಎಂಟುನೂರು ವರ್ಷದ ಮಾತು. ನಮ್ಮಪ್ಪನ ಎದೆಯ ಮೇಲೆ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಗದ್ದೆಯಲ್ಲಿ ಬೆವತಾಗ ಅದೂ ಬೆವರುತ್ತಿತ್ತು. ದೇಹವೇ ದೇಗುಲ ಅಂದ ಬಸವಣ್ಣ ಬೆವರನ್ನು ಲೆಕ್ಕಕ್ಕೆ ತಗೊಳ್ಳದೆ ಅಂದಿರಲಾರ. ಟೀ ಶರ್ಟನ್ನು ಇಷ್ಟಲಿಂಗಕ್ಕೆ ಹೋಲಿಸಿದರೆ ನಮ್ಮಪ್ಪ ಬಡಿಗೆ ತಗೊಳ್ಳುತ್ತಿದ್ದ, ಹೋಲಿಸುವುದಿಲ್ಲ. ಆದರೆ ರಬ್ಬರ್ ಪ್ರಿಂಟು ಹೇಗೆ ಸಾಯುತ್ತದೆಂದು ನನಗೆ ಗೊತ್ತು. ಒಗೆತ ಒಗೆತಕ್ಕೆ ಬಿರುಕು ಬಿಡುತ್ತದೆ, ಬಿಸಿಲಿಗೆ ಗಡುಸಾಗುತ್ತದೆ, ಬೆವರಿಗೆ ಅಂಚು ಏಳುತ್ತದೆ, ಹಕ್ಕಳೆ ಹಕ್ಕಳೆಯಾಗಿ ಉದುರಿ ಒಂದು ದಿನ ಬರೀ ಬಟ್ಟೆ ಉಳಿಯುತ್ತದೆ. ಅದಕ್ಕೆ ಮಂತ್ರವಿಲ್ಲ. ಅವನನ್ನು ಕಳಿಸಿಕೊಡುವ ದಾರಿ ಇದ್ದರೆ ಅದೇ ಇರಬೇಕು ಅನಿಸಿತು.

ಜನವರಿಯಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಬಂದು ನಾಟಿ ಸುರುವಾಯಿತು. ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು ಗದ್ದೆಗಿಳಿಯುವ ಹೆಣ್ಣಾಳುಗಳು ನಮ್ಮ ಓಣಿಯಲ್ಲೇ ಹಾದು ಹೋಗುತ್ತಾರೆ. ಕರೆದು ಟೀ ಶರ್ಟಿನ ಗಂಟು ಮುಂದಿಟ್ಟೆ. ರೊಕ್ಕ ಬೇಡ, ಪ್ರಿಂಟು ತಪ್ಪಿದೆ ಅಂತ ಹೇಳಿಯೇ ಕೊಟ್ಟೆ. ಅವರಲ್ಲಿ ಹಿರಿಯಳೊಬ್ಬಳು ಒಂದನ್ನು ಬಿಡಿಸಿ ನೋಡಿ, ಕಣ್ಣಿಗೊತ್ತಿಕೊಂಡು, ಆಮೇಲೆ ಕುಪ್ಪಸದ ಮೇಲೆ ಹಿಂದುಮುಂದಾಗಿ ತೊಟ್ಟಳು. ಹನುಮಪ್ಪ ಬೆನ್ನಿಗೆ ಹೋದ.

“ತಿರುವಿ ಹಾಕ್ಕೊಂಡೀಯವ್ವ” ಅಂದೆ.

“ಗೊತ್ತೈತೋ ಯಪ್ಪಾ. ದಿನಾ ಪೂರಾ ಬಗ್ಗಿರ್ತೀವಿ. ಎದಿಮ್ಯಾಲಿದ್ರ ಅಂವ ಬರೇ ರಾಡಿ ನೋಡಬೇಕು. ಬೆನ್ನ ಮ್ಯಾಲಿದ್ರ ಮ್ಯಾಲ ನೋಡ್ತಾನ.”

ಉಳಿದವರೂ ತಿರುವಿ ತೊಟ್ಟರು. ಹುಡುಗ ನನ್ನ ಮುಖ ನೋಡಿ, ಸ್ಕ್ವೀಜಿ ಒರೆಸಲು ಹಳೇ ಲುಂಗಿ ಹುಡುಕತೊಡಗಿದ.