ತಡೆದಿಟ್ಟ ಸರಕು

ಹಣ ಪೂರ್ತಿ ಕೈಸೇರುವವರೆಗೆ ಮಾರುವವನು ಸರಕನ್ನು ತಡೆದಿಟ್ಟುಕೊಳ್ಳುವುದು ನ್ಯಾಯವೆ? 1930ರ ಸರಕು ಮಾರಾಟ ಕಾಯಿದೆ ಹೌದೆನ್ನುತ್ತದೆ. ಉದ್ದರಿಯ ಕರಾರಿಲ್ಲದಿದ್ದರೆ, ಇಲ್ಲವೆ ಅದರ ಗಡುವು ತೀರಿದ್ದರೆ, ಬಾಕಿ ಸಲ್ಲುವವರೆಗೆ ಸರಕನ್ನು ಬಿಡದಿರುವ ಹಕ್ಕು ಅವನಿಗುಂಟು. ಆದರೆ ಹಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಯಾವ ಮನಸ್ಸಿನಿಂದ ಚಲಾಯಿಸಿದರೂ ಸರಿಯೆ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದದ್ದಲ್ಲ.

ಕೆಲವು ವರ್ಷಗಳ ಹಿಂದೆ ಹಿರಿಯೂರು ಸೀಮೆಯ ನಮ್ಮ ಭಾವನವರು ಈರುಳ್ಳಿ ಬೆಳೆದರು. ಹೊಸದುರ್ಗದ ವ್ಯಾಪಾರಿಯೊಬ್ಬರು ಬೆಲೆ ಗೊತ್ತುಮಾಡಿ, ಮುಂಗಡ ಕೊಟ್ಟು ಕರಾರು ಬರೆಸಿಕೊಂಡರು. ಬಾಕಿ ಹಣ ಗಡುವಿಗೆ ಬರಲಿಲ್ಲ. ಎಂಟು ದಿನ ತಡವಾಯಿತು. ಅಷ್ಟರಲ್ಲಿ ಧಾರಣೆ ಏರಿತ್ತು. ಭಾವ ಚಿತ್ರದುರ್ಗಕ್ಕೆ ಬಂದು, "ಏನಪ್ಪಾ, ಓದಿದವನು ನೀನು. ಮಾಲು ಕೊಡದಿದ್ದರೆ ತಪ್ಪೇನು?" ಎಂದು ಕೇಳಿದರು. "ಗಡುವು ಮೀರಿತು, ಕರಾರು ಮುರಿಯಿತು, ಕೊಡಬೇಡಿ ಭಾವ" ಎಂದೆ. ಒಂಬತ್ತನೆಯ ದಿನ ವ್ಯಾಪಾರಿ ಬಾಕಿಯನ್ನೆಲ್ಲ ತಂದಾಗ ಭಾವ ಅದನ್ನು ಮುಟ್ಟಲಿಲ್ಲ. ನನ್ನ ಮಾತನ್ನೇ ಅವರಿಗೆ ಒಪ್ಪಿಸಿದರು.

ವ್ಯಾಪಾರಿ ನ್ಯಾಯಾಲಯಕ್ಕೆ ಹೋಗಿ, ಸರಕನ್ನು ಬೇರೆಯವರಿಗೆ ಮಾರಕೂಡದೆಂದು ತಾತ್ಕಾಲಿಕ ತಡೆಯಾಜ್ಞೆ ತಂದರು. ಇಂಥ ಆಜ್ಞೆ ಕೊಡುವಾಗ ನ್ಯಾಯಾಧೀಶರು ನೋಡುವುದು ಮೂರು ಸಂಗತಿ: ಮೇಲ್ನೋಟಕ್ಕೆ ವ್ಯಾಜ್ಯದಲ್ಲಿ ಹುರುಳಿದೆಯೆ, ತೊಂದರೆಯ ತೂಕ ಯಾರ ಕಡೆ ಹೆಚ್ಚು, ಆಗುವ ಹಾನಿ ಹಣದಿಂದ ತುಂಬಲಾಗದ್ದೆ. ಯಾರದು ಸರಿ ಎಂಬ ತೀರ್ಮಾನ ಅದಲ್ಲ. ತೀರ್ಮಾನವಾಗುವವರೆಗೆ ವಸ್ತು ಇದ್ದ ಹಾಗೆ ಇರಲಿ ಎಂಬ ಏರ್ಪಾಡು. ಆದರೆ ಈರುಳ್ಳಿ ಇದ್ದ ಹಾಗೆ ಇರುವ ವಸ್ತುವಲ್ಲ. ಚಿತ್ತೆ ಮಳೆ ಹಿಡಿಯಿತು. ಶೆಡ್ಡಿನ ಬಾಗಿಲು ತೆರೆದರೆ ಮೂಗು ಮುಚ್ಚಿಕೊಳ್ಳಬೇಕಾಯಿತು.

ಕಾನೂನು ಇದನ್ನು ಮರೆತಿರಲಿಲ್ಲ. ಬೇಗ ಕೆಡುವ ಸರಕನ್ನು ವ್ಯಾಜ್ಯ ನಡೆಯುತ್ತಿರುವಾಗಲೇ ಮಾರಿಸುವ ಅಧಿಕಾರವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 6ನೇ ನಿಯಮ ನ್ಯಾಯಾಲಯಕ್ಕೆ ಕೊಟ್ಟಿದೆ. ಉಭಯರಲ್ಲಿ ಯಾರು ಅರ್ಜಿ ಹಾಕಿದ್ದರೂ ಸಾಕಾಗಿತ್ತು. ವಕೀಲರು ಹೇಳಿಯೂ ಹೇಳಿದರು. "ಅರ್ಜಿ ಹಾಕಿದರೆ ಸೋತಂತೆ" ಎಂದರು ಭಾವ. ಆ ಕಡೆಯವರೂ ಹಾಗೆಯೇ ಎಣಿಸಿರಬೇಕು, ಅವರೂ ಹಾಕಲಿಲ್ಲ.

ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದನಷ್ಟೆ. ಮಾರಿದ ಸರಕನ್ನು ಒಪ್ಪಿಸದಿರುವುದಕ್ಕೆ ಅಲ್ಲಿ 'ವಿಕ್ರೀಯಾಸಂಪ್ರದಾನ' ಎಂಬ ಪ್ರತ್ಯೇಕ ಪ್ರಕರಣವೇ ಇದೆ. ಕೊಂಡವನು ಕೇಳಿದರೂ ಕೊಡದೆ ಇಟ್ಟುಕೊಂಡ ಸರಕು ರಾಜನಿಂದಲೋ ದೈವದಿಂದಲೋ ಕೆಟ್ಟರೆ ಆ ಹಾನಿ ಮಾರಿದವನದೇ. ಕೊಟ್ಟಾಗ ಕೊಂಡವನು ಒಯ್ಯದೆ ಅದು ಹಾಳಾದರೆ ಹಾನಿ ಅವನದು. ಮಳೆಯನ್ನು ದೂರಿ ನುಣುಚಿಕೊಳ್ಳಲು ಆ ಶಾಸ್ತ್ರ ಎಡೆಗೊಡುವುದಿಲ್ಲ. ಸರಕು ಯಾರ ಹಟದಿಂದ ನಿಂತಿತು ಎಂಬುದೊಂದನ್ನೇ ಅದು ಕೇಳುತ್ತದೆ. ನಾನು ಎಷ್ಟೋ ಸಲ ಓದಿದ್ದ ಭಾಗ ಅದು. ಭಾವ ಬಂದು ಕೇಳಿದ ದಿನ ನೆನಪಿಗೆ ಬರಲಿಲ್ಲ.

ಕೊನೆಗೆ ಹೊಳಲ್ಕೆರೆಯ ನೆಂಟರೊಬ್ಬರ ಪಡಸಾಲೆಯಲ್ಲಿ ರಾಜಿಯಾಯಿತು. ಮುಂಗಡ ಹಿಂದಕ್ಕೆ ಹೋಯಿತು, ಖರ್ಚು ಅವರವರದು, ಬೆಳೆ ತಿಪ್ಪೆಯದು. ಊಟಕ್ಕೆ ಕುಳಿತಾಗ ಅಕ್ಕ ಒಂದೇ ಮಾತು ಕೇಳಿದಳು: "ಧಾರಣೆ ಇಳಿದಿದ್ದರೆ ನೀವಿಬ್ಬರೂ ಆ ಎಂಟು ದಿನ ಲೆಕ್ಕ ಹಾಕುತ್ತಿದ್ದಿರಾ?"

ಹಾಕುತ್ತಿರಲಿಲ್ಲ. ಒಂಬತ್ತನೆಯ ದಿನ ನಗುನಗುತ್ತ ಲಾರಿ ತುಂಬಿಸುತ್ತಿದ್ದೆವು. ತಡೆದಿಟ್ಟುಕೊಳ್ಳುವ ಹಕ್ಕು ಬಾಕಿಯ ರಕ್ಷಣೆಗಾಗಿ ಇರುವುದು. ಬಾಕಿ ಎದುರಿಗೆ ಬಂದು ನಿಂತ ಮೇಲೂ ನಾವು ಕಾದದ್ದು ಹಕ್ಕನ್ನಲ್ಲ, ಏರಿದ ಬೆಲೆಯನ್ನು. ಅದಕ್ಕೆ ಹಕ್ಕಿನ ಹೆಸರಿಟ್ಟುಕೊಟ್ಟವನು ನಾನು. ಭಾವ ಇಂದಿಗೂ ಮಳೆಯನ್ನೇ ದೂರುತ್ತಾರೆ. ನನ್ನನ್ನು ಒಂದು ಮಾತೂ ಅಂದವರಲ್ಲ.