ರೋಗದ ಕಥೆಗಳೂ ನೋಂಪಿಯ ಕಥೆಗಳೂ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ವೈದ್ಯರನ್ನು ಕರೆಸುವುದರ ಜೊತೆಯಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ: ಇದು ಇವರಿಗೇ ಏಕೆ ಬಂತು? ಔಷಧದಿಂದ ಈ ಪ್ರಶ್ನೆ ಶಮನವಾಗುವುದಿಲ್ಲ. ಇದಕ್ಕೆ ಉತ್ತರವಾಗಿ ಎಲ್ಲ ಕಾಲದ ಜನರೂ ಕಥೆಗಳನ್ನು ಕಟ್ಟಿಕೊಂಡಿದ್ದಾರೆ. ಅವನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ಅವು ಏನು ಹೇಳುತ್ತವೆ, ನಮ್ಮ ನೋಂಪಿಯ ಕಥೆಗಳು ಅವುಗಳಿಂದ ಯಾವ ಬಗೆಯಲ್ಲಿ ಭಿನ್ನ ಎಂಬುದನ್ನು ವಿಚಾರಿಸುವುದು ಶ್ರಾವಕರಿಗೆ ಹೆಚ್ಚು ಹಿತಕರ.

ಮಹಾಭಾರತದಲ್ಲಿ ಮೃತ್ಯುವಿನ ಕಥೆಯೊಂದುಂಟು. ಜೀವಿಗಳ ಭಾರವನ್ನು ತಗ್ಗಿಸಲು ಬ್ರಹ್ಮನು ಮೃತ್ಯುವನ್ನು ಸ್ತ್ರೀರೂಪದಲ್ಲಿ ಸೃಷ್ಟಿಸಿದನಂತೆ. ಕೊಲ್ಲುವ ಕೆಲಸ ತನಗೆ ಬೇಡವೆಂದು ಆಕೆ ಅತ್ತಳು. ಆ ಕಣ್ಣೀರೇ ರೋಗಗಳಾಗಿ ಜೀವಿಗಳನ್ನು ಕೊಲ್ಲುವುವೆಂದು ಬ್ರಹ್ಮನು ಸಮಾಧಾನ ಹೇಳಿದನು. ನಮ್ಮ ಹಳ್ಳಿಗಳಲ್ಲಿ ಹೇಳುವ ಮಾರಿಯ ಕಥೆಯಲ್ಲಿ ಕಣ್ಣೀರಿಗೆ ಬದಲು ಕೋಪವಿದೆ. ಕುಲವನ್ನು ಮರೆಮಾಚಿದವನನ್ನು ಅರಿಯದೆ ವರಿಸಿದ ಹೆಣ್ಣು, ವಂಚನೆ ಬಯಲಾದಾಗ ಸಿಟ್ಟಿನಿಂದ ಉರಿದು ಮಾರಿಯಾದಳು. ಗಂಡನು ಕೋಣನಾಗಿ ಅವಳಿಗೆ ಬಲಿಯಾದನು. ಸಿಡುಬನ್ನು ಜನರು ‘ಅಮ್ಮ’ ಎಂದೇ ಕರೆದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಸಾವಿರಾರು ಜನ ಸತ್ತಾಗ ಆ ರೋಗವೂ ಒಬ್ಬ ಅಮ್ಮನಾಯಿತು; ಪ್ಲೇಗಮ್ಮನಿಗೆ ಗುಡಿಗಳು ಎದ್ದವು. ಅದೇ ವರ್ಷ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಿನ ಚಿಗಟವು ಪ್ಲೇಗನ್ನು ಹರಡುತ್ತದೆಂದು ಕಂಡುಹಿಡಿದನು. ಸಿಡುಬಂತೂ ಲಸಿಕೆಯ ಬಲದಿಂದ ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಈ ಕಥೆಗಳನ್ನು ಕಟ್ಟಿದವರು ನಮ್ಮಂತೆಯೇ ಮಕ್ಕಳನ್ನು ಕಳೆದುಕೊಂಡವರು. ಕಾರಣವಿಲ್ಲದೆ ಮಗು ಸತ್ತಿತೆಂಬುದನ್ನು ತಾಯಿಯ ಮನಸ್ಸು ಒಪ್ಪದು. ಅಮ್ಮ ಮುನಿದಳೆಂದರೆ ಆಕೆಯನ್ನು ಒಲಿಸಿಕೊಳ್ಳುವ ಆಸೆಯಾದರೂ ಉಳಿಯುತ್ತದೆ. ಆದರೆ ಆ ಆಸೆಯ ಬೆಲೆಯನ್ನು ತೆತ್ತದ್ದು ಮೂಕಪ್ರಾಣಿ. ಕೋಪದಿಂದ ರೋಗ, ರಕ್ತದಿಂದ ಶಾಂತಿ ಎಂಬ ಈ ನಂಬಿಕೆಗೆ ಕನ್ನಡದಲ್ಲಿ ಜೈನಕವಿ ಜನ್ನನು 1209ರಲ್ಲಿಯೇ ‘ಯಶೋಧರ ಚರಿತೆ’ಯಲ್ಲಿ ಉತ್ತರ ಕೊಟ್ಟಿದ್ದಾನೆ. ಅಲ್ಲಿ ಅರಸನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವು ಅವನನ್ನೂ ಅವನ ತಾಯಿಯನ್ನೂ ಭವಭವಗಳಲ್ಲಿ ತೊಳಲಿಸಿತು.

ಜೈನಸಿದ್ಧಾಂತದಲ್ಲಿ ಮುನಿದು ರೋಗ ಕೊಡುವ ದೇವತೆಗೆ ಸ್ಥಾನವಿಲ್ಲ. ಅಸಾತಾ ವೇದನೀಯದ ಉದಯದಿಂದ ವೇದನೆ. ಆಯುಕರ್ಮದ ಕ್ಷಯದಿಂದ ಮರಣ. ಕ್ರಿಮಿ, ಕೊಳೆನೀರು, ಅಪಥ್ಯ ಇವು ಬಾಹ್ಯ ನಿಮಿತ್ತಗಳು. ಅವನ್ನು ನಿವಾರಿಸುವುದಕ್ಕೆ ಸಿದ್ಧಾಂತವು ಅಡ್ಡಿಯಲ್ಲ. ಔಷಧವು ನಾಲ್ಕು ದಾನಗಳಲ್ಲಿ ಒಂದು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ನೋಂಪಿಯ ಕಥೆಗಳಲ್ಲಿಯೂ ರೋಗಕ್ಕೆ ಕಾರಣ ಹೇಳಿದೆಯಲ್ಲವೇ? ಸುಗಂಧದಶಮಿಯ ಕಥೆಯಲ್ಲಿ ಮುನಿಗೆ ಕಹಿಸೋರೆಯನ್ನು ಬಡಿಸಿದ ರಾಣಿಯು ಮುಂದಿನ ಭವಗಳಲ್ಲೊಂದರಲ್ಲಿ ದುರ್ಗಂಧದ ಮೈಯವಳಾಗಿ ಹುಟ್ಟುತ್ತಾಳೆ. ಶ್ರೀಪಾಲನ ಕುಷ್ಠಕ್ಕೂ ಹಿಂದಿನ ಭವದ ಮುನಿನಿಂದೆಯೇ ಕಾರಣ. ಮುನಿದ ಮಾರಿಯ ಸ್ಥಾನದಲ್ಲಿ ಕರ್ಮವನ್ನು ಇಟ್ಟಂತಾಯಿತೇ ಹೊರತು ಬೇರೇನಾಯಿತು?

ಆಕ್ಷೇಪ ಹಗುರವಾದುದಲ್ಲ. ಉತ್ತರವನ್ನು ಕಥೆಯ ಒಳಗೇ ಹುಡುಕಬೇಕು. ನೋಂಪಿಯ ಕಥೆಯಲ್ಲಿ ಭವಾಂತರವನ್ನು ಹೇಳುವವರು ಯಾರು? ಪ್ರತ್ಯಕ್ಷವಾಗಿ ಬಲ್ಲ ಜ್ಞಾನಿಗಳಾದ ಮುನಿಗಳು. ಯಾವಾಗ ಹೇಳುತ್ತಾರೆ? ನೊಂದವರೋ ಅವರ ಹಿತವನ್ನು ಬಯಸುವವರೋ ಕೈಮುಗಿದು ಕೇಳಿದಾಗ. ಹೇಳಿ ಏನು ಮಾಡುತ್ತಾರೆ? ಅದೇ ಮಾತಿನಲ್ಲಿ ವ್ರತವನ್ನೂ ಕೊಟ್ಟು ದಾರಿ ತೋರುತ್ತಾರೆ. ಜ್ಞಾನ, ಕೇಳಿಕೆ, ಪರಿಹಾರ ಈ ಮೂರೂ ಕೂಡಿದಲ್ಲಿ ಕಾರಣ ಹೇಳುವುದು ಕರುಣೆ. ನೋಡಲು ಬಂದ ನೆಂಟರು ರೋಗಿಯ ಮಂಚದ ಬಳಿ ನಿಂತು ‘ಏನು ಪಾಪ ಮಾಡಿದ್ದನೋ’ ಎಂದರೆ ಅಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಬಲಿ ಕೇಳುವ ಮಾರಿಯ ಕಥೆಗೂ ಆ ಮಾತಿಗೂ ಅಂತರ ಕಡಿಮೆ. ಅಲ್ಲಿ ಬಲಿಯಾಗುವುದು ರೋಗಿಯ ಮಾನ.

ಇದು ಬರಿಯ ತರ್ಕವಲ್ಲ. ರಾಜಾಜಿನಗರ, ಬಸವೇಶ್ವರನಗರಗಳ ನಮ್ಮ ಮನೆಗಳಿಂದ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಸುಮನಹಳ್ಳಿ ಸಿಗುತ್ತದೆ. ಕುಷ್ಠರೋಗಿಗಳ ಆರೈಕೆಗೂ ಪುನರ್ವಸತಿಗೂ 1970ರ ದಶಕದ ಕೊನೆಯಲ್ಲಿ, ಸರಕಾರವು ನೀಡಿದ ನೆಲದಲ್ಲಿ, ಕ್ರೈಸ್ತಬಂಧುಗಳು ಅಲ್ಲಿ ಸಂಸ್ಥೆಯನ್ನು ಕಟ್ಟಿದರು. ಕುಷ್ಠದ ಕ್ರಿಮಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡಿದ್ದನು. 1980ರ ದಶಕದಿಂದ ಬಳಕೆಗೆ ಬಂದ ಸಂಯುಕ್ತ ಔಷಧಿಯಿಂದ ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗ ಗುಣವಾಗುತ್ತದೆ. ಆದರೂ ಜೈನರಾದ ನಮಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಕ್ರಿಮಿಯನ್ನು ಗೆದ್ದ ಮೇಲೂ ಕಳಂಕದ ಕಥೆ ಇಷ್ಟು ಕಾಲ ಬದುಕಿತ್ತು.

ಮೈನಾಸುಂದರಿಯನ್ನು ಇಲ್ಲಿ ಸ್ಮರಿಸಬೇಕು. ಸುಖದುಃಖಗಳು ಅವರವರ ಕರ್ಮದಿಂದ ಎಂದು ತಂದೆಯ ಮುಂದೆಯೇ ನುಡಿದ ಕುವರಿ ಆಕೆ. ಆ ಮಾತಿಗೆ ಸಿಟ್ಟಾದ ಅರಸನು ಅವಳನ್ನು ಕುಷ್ಠರೋಗಿಯಾದ ಶ್ರೀಪಾಲನಿಗೆ ಕೊಟ್ಟನು. ಕರ್ಮವನ್ನು ಅಷ್ಟು ದೃಢವಾಗಿ ನಂಬಿದವಳು ಗಂಡನಿಗೆ ‘ನಿನ್ನ ಕರ್ಮ, ನೀನೇ ಉಣ್ಣು’ ಎನ್ನಲಿಲ್ಲ. ಅವನ ಸೇವೆ ಮಾಡಿದಳು; ಸಿದ್ಧಚಕ್ರವನ್ನು ಆರಾಧಿಸಿದಳು; ಗಂಧೋದಕವನ್ನು ಅವನಿಗೆ ಮಾತ್ರವಲ್ಲ, ಅವನ ಜೊತೆಗಿದ್ದ ಏಳುನೂರು ರೋಗಿಗಳಿಗೂ ಚಿಮುಕಿಸಿದಳು. ತನ್ನ ದುಃಖಕ್ಕೆ ಕರ್ಮವನ್ನು ನೆನೆದಳು, ಪರರ ದುಃಖಕ್ಕೆ ಕೈ ನೀಡಿದಳು. ಸಮಂತಭದ್ರಾಚಾರ್ಯರು ಸಮ್ಯಗ್ದರ್ಶನದ ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು ಹೇಳಿ, ಅದಕ್ಕೆ ಉದ್ದಾಯನ ರಾಜನನ್ನು ಹೆಸರಿಸಿರುವುದೂ ಇದಕ್ಕಾಗಿಯೇ. ರೋಗಿಯಾದ ಮುನಿಯು ತನ್ನ ಮೈಮೇಲೆ ವಾಂತಿ ಮಾಡಿದರೂ ಆ ಅರಸನು ಹೇಸಲಿಲ್ಲ. ತಾನಿತ್ತ ಆಹಾರದಲ್ಲಿ ದೋಷವಿತ್ತೇನೋ ಎಂದು ನೊಂದು ಅವರನ್ನು ತೊಳೆದನು.

ವ್ರತಿಗಳು ಇನ್ನೊಂದನ್ನೂ ಗಮನಿಸಬೇಕು. ರೋಗ ವಾಸಿಯಾದರೆ ಇಷ್ಟು ಉಪವಾಸ ಎಂದು ಹರಕೆ ಹೊತ್ತರೆ ವ್ರತವು ವ್ಯಾಪಾರವಾಗುತ್ತದೆ. ಫಲದ ಬೇಡಿಕೆಯಾದ ನಿದಾನವು ಶಲ್ಯ, ಶಲ್ಯವುಳ್ಳವನು ವ್ರತಿಯಾಗಲಾರ. ಉಪವಾಸವು ಕರ್ಮನಿರ್ಜರೆಗಾಗಿ, ಶಕ್ತಿಯಿದ್ದಷ್ಟು. ಕಾಯಿಲೆಯವರು ಔಷಧವನ್ನು ಬಿಟ್ಟು ಉಪವಾಸ ಹಿಡಿಯುವುದು ನೋಂಪಿಯಲ್ಲ.

ದಶಲಕ್ಷಣ ಪರ್ವದಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರವನ್ನು ವಿವರಿಸುವ ವಾಡಿಕೆಯುಂಟು. ಆ ಲೆಕ್ಕದಲ್ಲಿ ದಶಮಿಯ ದಿನ, ಅಂದರೆ ಸುಗಂಧದಶಮಿಯ ನೋಂಪಿಯ ದಿನವೇ, ಆರನೆಯ ಅಧ್ಯಾಯ ಬರುತ್ತದೆ. ಅಸಾತಾ ವೇದನೀಯವು ಯಾವುದರಿಂದ ಆಸ್ರವಿಸುತ್ತದೆ ಎಂಬುದನ್ನು ಉಮಾಸ್ವಾಮಿಗಳು ಅಲ್ಲಿಯೇ ಹೇಳಿದ್ದಾರೆ: ತನಗಾಗಲಿ ಪರರಿಗಾಗಲಿ ದುಃಖವನ್ನು, ಶೋಕವನ್ನು, ಅಳುವನ್ನು ಉಂಟುಮಾಡುವುದರಿಂದ. ಜೀವದಯೆಯಿಂದಲೂ ದಾನದಿಂದಲೂ ಸಾತಾ ವೇದನೀಯವು ಬರುತ್ತದೆ. ರೋಗಿಯ ಹಳೆಯ ಕರ್ಮ ಯಾವುದೆಂದು ನಾವು ಅರಿಯೆವು. ಅವನ ಮಂಚದ ಬಳಿ ನಿಂತು ಆಡುವ ಮಾತಿನಿಂದ ನಮಗೆ ಕಟ್ಟುವ ಹೊಸ ಕರ್ಮ ಯಾವುದೆಂಬುದನ್ನು ಮಾತ್ರ ಶಾಸ್ತ್ರವು ಸ್ಪಷ್ಟವಾಗಿ ತಿಳಿಸಿದೆ. ಈ ವರ್ಷ ನೋಂಪಿಯ ಕಥೆಯನ್ನು ಓದಿದ ಮೇಲೆ ಆ ಸೂತ್ರಗಳ ಅರ್ಥವನ್ನೂ ಮನೆಯ ಮಕ್ಕಳಿಗೆ ತಿಳಿಸೋಣ.