ಉಂಡ ಮನೆಯ ಋಣ

ಊರಿಗೆ ಹೋದಾಗಲೆಲ್ಲ ಕೇಳುವ ಮಾತು ಒಂದೇ: “ನಿಮ್ಮ ಮುಂಬಯಿಯಲ್ಲಿ ಎಂತ ಉಂಟು ಮಾರಾಯ್ರೆ, ಬರೀ ಸಿಮೆಂಟು!” ಊರವರನ್ನು ದೂರಿ ಫಲವಿಲ್ಲ. ಇಲ್ಲಿರುವ ನಮ್ಮವರ ಲೆಕ್ಕವೂ ಅದೇ. ಕಾಡು, ಹೊಳೆ, ಹಕ್ಕಿ ಊರಿನಲ್ಲಿ. ಇಲ್ಲಿ ಸಂಬಳ ಮಾತ್ರ.

ಆದರೆ ಈ ನಗರಕ್ಕೂ ಋತುಗಳಿವೆ. ಮಳೆ ನಿಂತು ಚಳಿ ಕಾಲಿಡುವ ಹೊತ್ತಿಗೆ ಠಾಣೆ ಖಾಡಿಯ ಕೆಸರಿಗೆ ಫ್ಲೆಮಿಂಗೋ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಕೊಕ್ಕನ್ನು ತಲೆಕೆಳಗು ಮಾಡಿ ನೀರಿನಿಂದ ಪಾಚಿ ಸೋಸಿ ತಿನ್ನುತ್ತವೆ. ತಿಂದದ್ದರ ಬಣ್ಣವೇ ರೆಕ್ಕೆಗೇರಿ ಗುಲಾಬಿಯಾಗುತ್ತದೆ. ಮಳೆಗಾಲ ಶುರುವಾಗುವಾಗ ಹೆಚ್ಚಿನವು ಹೊರಟುಹೋಗುತ್ತವೆ. ಅತ್ತ ಬೊರಿವಲಿ ಕಡೆ, ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡಿನಲ್ಲಿ ಚಿರತೆಗಳಿವೆ. ಎಂಟು ವರ್ಷಕ್ಕೊಮ್ಮೆ ಅಲ್ಲಿ ಕಾರ್ವಿ ಹೂ ಅರಳಿ ಗುಡ್ಡವೆಲ್ಲ ನೀಲಿಯಾಗುತ್ತದೆ.

ಹೊಟ್ಟೆಪಾಡಿಗೆ ಬಂದವನಿಗೆ ಇದನ್ನೆಲ್ಲ ಕಾಯುವ ಹೊಣೆ ಇದೆಯೇ?

“ಆ ಹಕ್ಕಿಗಳೂ ನಮ್ಮಂತೆ ವಲಸಿಗರೇ ಅಲ್ಲವೇ” ಎಂದು ಕೆಲವರು ಹೇಳುವುದುಂಟು. ಕೇಳಲು ಚಂದ, ಆದರೆ ಅರ್ಧ ಸತ್ಯ. ಹಕ್ಕಿ ಪಾಚಿ ತಿಂದು ಹೋಗುತ್ತದೆ, ಖಾಡಿ ಖಾಡಿಯಾಗಿಯೇ ಉಳಿಯುತ್ತದೆ. ನಾವು ಉಳಿಯಲಿಕ್ಕೆ ಮನೆ ಬೇಕು. ಆ ಮನೆಗಾಗಿ ಎಷ್ಟೋ ಕಡೆ ಕಾಂಡ್ಲಾ ಕಾಡು ಕಡಿದು ಮಣ್ಣು ತುಂಬಿದ್ದಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಇಕ್ಕಟ್ಟಾಗಿದ್ದ ಮಿಠಿ ನದಿಗೆ ಹರಿಯಲು ಜಾಗವೇ ಇರಲಿಲ್ಲ. ನೀರು ಮನೆಗೆ ನುಗ್ಗುವಾಗ ಮರಾಠಿ, ಕನ್ನಡ ಎಂದು ಕೇಳಲಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಆರೆಯದು. 2019ರ ಅಕ್ಟೋಬರಿನಲ್ಲಿ ಮೆಟ್ರೋ ಡಿಪೋಗಾಗಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಕಡಿತ ಶುರುವಾದದ್ದು ರಾತ್ರಿ ಹೊತ್ತು. ಅಲ್ಲಿಯ ಆದಿವಾಸಿಗಳೂ ವಿದ್ಯಾರ್ಥಿಗಳೂ ಅಡ್ಡ ನಿಂತರು. ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಬಹುಪಾಲು ಮರಗಳು ಹೋಗಿದ್ದವು. ಇವತ್ತು ಆ ಮೆಟ್ರೋ ಓಡುತ್ತಿದೆ. ಲೋಕಲ್ ರೈಲಿನ ನೂಕುನುಗ್ಗಲು ಕಂಡ ನಾನೂ ಅದನ್ನು ಹತ್ತುತ್ತೇನೆ. ಹತ್ತುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಹತ್ತಿ ಕೂತ ಮೇಲೆ “ಇದು ನನ್ನ ಊರಲ್ಲ, ನನಗೇಕೆ ಉಸಾಬರಿ” ಎನ್ನುವ ಹಕ್ಕು ಉಳಿಯುವುದಿಲ್ಲ.

ನಾವು ಪ್ರೀತಿಯನ್ನೂ ಋಣವನ್ನೂ ಒಂದೇ ಎಂದುಕೊಂಡಿದ್ದೇವೆ. ಪ್ರೀತಿ ಹುಟ್ಟೂರಿಗೇ ಇರಲಿ, ಅದನ್ನು ಯಾರೂ ಕೇಳುವುದಿಲ್ಲ. ಋಣ ಮಾತ್ರ ಉಂಡ ಜಾಗದ್ದು. ಪ್ರೀತಿ ಇಲ್ಲದಿದ್ದರೂ ತೀರಿಸಬೇಕು. ಎಲ್ಲರಿಗೂ ಅದರ ಅಳತೆ ಒಂದೇ ಅಲ್ಲ. ಚಾಳಿನ ಒಂದು ಕೋಣೆಯಲ್ಲಿ ಆರು ಜನ ಇರುವವನದ್ದು ಸಣ್ಣದು, ಖಾಡಿ ಕಾಣುವ ಫ್ಲ್ಯಾಟು ಕೊಂಡವನದ್ದು ದೊಡ್ಡದು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ ಹಿರಿಯರು. ನಾವು ಎಣಿಸುವುದಿರಲಿ, ಜಂತೆಯನ್ನೇ ಕೀಳುತ್ತಿದ್ದೇವೆ.

ಊರಿನಲ್ಲಿರುವ ನಿಮಗೂ ಒಂದು ಮಾತು. ಬೆಂಗಳೂರಿಗೆ ದೂರದಿಂದ ದುಡಿಯಲು ಬಂದವರು ಕೆರೆಗಳ ಬಗ್ಗೆ ಕಾಳಜಿ ತೋರಿಸುವುದಿಲ್ಲ ಎಂದು ನೀವು ದೂರುತ್ತೀರಿ. ದೂರು ಸರಿಯೇ. ಆದರೆ “ಇದು ನಿನ್ನದಲ್ಲ” ಎಂದು ದಿನಾ ಹೇಳಿಸಿಕೊಂಡವನು ಯಾವುದನ್ನು ತನ್ನದೆಂದು ಕಾದಾನು? ಋಣ ಕೇಳುವ ಊರು ಮೊದಲು ಅವನಿಗೊಂದು ಎಲೆ ಹಾಕಬೇಕು.